ಸಹಜ ಹೆರಿಗೆಯ ಕೆಲಸ ಮಾಡಬೇಕು ಅನ್ನುವವರಿಗೆ: ಬಿಎನ್‌ವೈಎಸ್, ಬಿಎಎಂಎಸ್, ನರ್ಸಿಂಗ್, ಎಂಬಿಬಿಎಸ್, ಯಾವ ದಾರಿ?

ಪಿಯುಸಿ ಮುಗಿಸಿದ ಹೆಣ್ಣುಮಕ್ಕಳು ಈಗೀಗ ಜಾಸ್ತಿ ಕೇಳುವ ಒಂದು ಪ್ರಶ್ನೆ ಇದೆ. "ನಾನು ನ್ಯಾಚುರೋಪತಿ ಡಾಕ್ಟರ್ ಆಗಿ ಸಹಜ ಹೆರಿಗೆ ಮಾಡಿಸಬೇಕು, ಯಾವ ಕಾಲೇಜು ಒಳ್ಳೇದು?" ಕಾಲೇಜಿನ ಹೆಸರು ಹೇಳುವುದು ಸುಲಭ. ಆದರೆ ಈ ಒಂದು ಪ್ರಶ್ನೆಯಲ್ಲಿ ಎರಡು ಆಸೆ ಸೇರಿಕೊಂಡಿವೆ. ನ್ಯಾಚುರೋಪತಿ ಅಂದರೆ ಪ್ರಕೃತಿ ಚಿಕಿತ್ಸೆಯ ಡಾಕ್ಟರ್ ಆಗುವುದು ಒಂದು, ಹೆರಿಗೆ ಮಾಡಿಸುವುದು ಇನ್ನೊಂದು. ನಮ್ಮಲ್ಲಿ ಇವೆರಡರ ದಾರಿ ಬೇರೆ ಬೇರೆ. ಇದು ಗೊತ್ತಿಲ್ಲದೆ ಸೀಟು ತೆಗೆದುಕೊಂಡು, ಐದೂವರೆ ವರ್ಷ ಓದಿ, ಕೊನೆಗೆ ಲೇಬರ್ ವಾರ್ಡಿನ ಬಾಗಿಲಲ್ಲಿ ನಿಂತು "ನನಗೆ ಒಳಗೆ ಕೆಲಸ ಇಲ್ವಾ?" ಅಂತ ಕೇಳುವ ಸ್ಥಿತಿ ಯಾರಿಗೂ ಬರಬಾರದು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಆಸೆ ತಪ್ಪಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸಕ್ಕೆ ಜನ ಬೇಕೇ ಬೇಕು. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ 23.6ರಷ್ಟು ಹೆರಿಗೆಗಳು ಸಿಸೇರಿಯನ್. 2019-21ರ ಸಮೀಕ್ಷೆಗೆ ಬರುವಷ್ಟರಲ್ಲಿ ಅದು ಶೇ 31.5 ಆಗಿದೆ. ಇಡೀ ದೇಶದ ಲೆಕ್ಕ ನೋಡಿದರೆ ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ 14.3, ಖಾಸಗಿ ಆಸ್ಪತ್ರೆಗಳಲ್ಲಿ ಶೇ 47.4. ಹೆಂಗಸರ ಮೈ ಎರಡೂ ಕಡೆ ಒಂದೇ ತಾನೆ? ಇಷ್ಟೊಂದು ವ್ಯತ್ಯಾಸಕ್ಕೆ ಮೈಯೊಂದೇ ಕಾರಣ ಅಂದರೆ ನಾನಂತೂ ನಂಬುವುದಿಲ್ಲ. ಸಿಸೇರಿಯನ್ ಬೇಕಾದಾಗ ಅದು ಎರಡು ಜೀವ ಉಳಿಸುತ್ತದೆ. ಬೇಡದಾಗ ಮಾಡಿದರೆ ಮುಂದಿನ ಬಸಿರಿಗೂ ಅಪಾಯ ಜಾಸ್ತಿ ಮಾಡುತ್ತದೆ.

ಸಹಜ ಹೆರಿಗೆ ಅಂದ ತಕ್ಷಣ ಮನೆಯಲ್ಲಿ, ಡಾಕ್ಟರ್ ಇಲ್ಲದೆ ಅಂದುಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಕೊಟ್ಟ ಸಲಹೆಗಳನ್ನು ಓದಿ, ಮುಕ್ಕಾಲು ಪಾಲು ಅಲ್ಲೇ ಇದೆ. ನೋವಿನ ಸಮಯದಲ್ಲಿ ಬೇಕಾದವರೊಬ್ಬರು ಜೊತೆಗಿರಬೇಕು. ಓಡಾಡಲು, ಕೂರಲು, ಬೇಕಾದ ಭಂಗಿಯಲ್ಲಿ ಹೆರಲು ಬಿಡಬೇಕು. ನೀರು, ಊಟ ತಡೆಯಬಾರದು. ಎಲ್ಲರಿಗೂ ಒಂದೇ ಸಮ ಹೆರಿಗೆಯ ದಾರಿಗೆ ಕತ್ತರಿ ಹಾಕಿ ಹೊಲಿಗೆ ಹಾಕಬಾರದು. ಗರ್ಭಕೋಶದ ಬಾಯಿ ಗಂಟೆಗೆ ಒಂದು ಸೆಂಟಿಮೀಟರ್ ತೆರೆಯಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಅವಸರ ಮಾಡಬಾರದು. ಹೊಕ್ಕುಳ ಬಳ್ಳಿಯನ್ನು ಕನಿಷ್ಠ ಒಂದು ನಿಮಿಷ ಕತ್ತರಿಸಬಾರದು. ಮಗು ಮೊದಲ ಒಂದು ಗಂಟೆ ಅಮ್ಮನ ಎದೆಯ ಮೇಲಿರಬೇಕು. ಇವೆಲ್ಲವನ್ನೂ ಆಸ್ಪತ್ರೆಯಲ್ಲೇ ಮಾಡಬಹುದು. ಮಾಡುವವರು ಬೇಕು ಅಷ್ಟೇ.

ಹಾಗಾಗಿ ಕೋರ್ಸಿನ ಹೆಸರು ಪಕ್ಕಕ್ಕಿಡಿ. ಮೊದಲು ನೀವು ಎಲ್ಲಿ ನಿಲ್ಲಬೇಕು ಅಂತ ಯೋಚಿಸಿ. ಹೆರಿಗೆಗೆ ಮುಂಚಿನ ಒಂಬತ್ತು ತಿಂಗಳು ಆಕೆಯ ಊಟ, ನಡಿಗೆ, ಉಸಿರು, ಭಯ ನೋಡಿಕೊಳ್ಳುವುದು ನಿಮಗಿಷ್ಟವೇ? ನೋವು ಬಂದ ರಾತ್ರಿ ಪಕ್ಕದಲ್ಲಿ ಕೂತು ಸೊಂಟ ಒತ್ತುತ್ತಾ ಧೈರ್ಯ ಹೇಳುವುದೇ? ಅಥವಾ ಮಗುವಿನ ತಲೆ ಹೊರಗೆ ಬರುವಾಗ ಕೈಯೊಡ್ಡಿ ಹಿಡಿಯುವವರು ನೀವೇ ಆಗಬೇಕೇ? ಇದಕ್ಕೆ ಉತ್ತರ ಸಿಕ್ಕರೆ ಕೋರ್ಸ್ ಯಾವುದು ಅನ್ನುವುದು ಸುಮಾರಾಗಿ ತಾನೇ ಗೊತ್ತಾಗುತ್ತದೆ.

ಬಿಎನ್‌ವೈಎಸ್: ಒಂಬತ್ತು ತಿಂಗಳು ನೋಡಿಕೊಳ್ಳುವ ಡಾಕ್ಟರ್

ಬ್ಯಾಚುಲರ್ ಆಫ್ ನ್ಯಾಚುರೋಪತಿ ಅಂಡ್ ಯೋಗಿಕ್ ಸೈನ್ಸಸ್. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಈ ಡಿಗ್ರಿ ಶುರುವಾಗಿದ್ದೇ ನಮ್ಮಲ್ಲಿ, 1989ರಲ್ಲಿ ಉಜಿರೆಯ ಎಸ್‌ಡಿಎಂ ಕಾಲೇಜಿನಲ್ಲಿ. ಈಗ ಮೂಡಬಿದಿರೆಯ ಆಳ್ವಾಸ್‌ನಲ್ಲಿದೆ, ಮೈಸೂರಿನಲ್ಲಿ ಸರ್ಕಾರಿ ಕಾಲೇಜಿದೆ, ಬೆಂಗಳೂರಿನ ಎಸ್-ವ್ಯಾಸದಲ್ಲೂ ಇದೆ. ದುಡ್ಡಿನ ಚಿಂತೆ ಇರುವವರು ಮೈಸೂರಿನ ಸರ್ಕಾರಿ ಕಾಲೇಜನ್ನು ಮೊದಲು ಬರೆಯಿರಿ. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಇರಬೇಕು. ಇತ್ತೀಚಿನ ವರ್ಷಗಳಲ್ಲಿ ಸೀಟು ಸಿಗುತ್ತಿರುವುದು ಸಿಇಟಿ ರ‍್ಯಾಂಕ್ ಮೇಲೆ. ಆದರೂ ನೀವು ಸೇರುವ ವರ್ಷದ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಸೂಚನೆಯನ್ನು ಕಣ್ಣಾರೆ ಓದಿಯೇ ಮುಂದುವರಿಯಿರಿ.

ಏನು ಕಲಿಸುತ್ತಾರೆ? ಅನಾಟಮಿ, ಫಿಸಿಯಾಲಜಿ, ಪೆಥಾಲಜಿ ಎಲ್ಲಾ ಇದೆ. ಜಲಚಿಕಿತ್ಸೆ, ಮಣ್ಣಿನ ಚಿಕಿತ್ಸೆ, ಮಸಾಜ್, ಉಪವಾಸ, ಆಹಾರ, ಯೋಗ, ಅಕ್ಯುಪಂಕ್ಚರ್ ಇದೆ. ಪ್ರಸೂತಿ ಮತ್ತು ಸ್ತ್ರೀರೋಗ ಕೂಡ ಒಂದು ವಿಷಯ. ಆದರೆ ಪುಸ್ತಕದಲ್ಲಿ ಪ್ರಸೂತಿ ಓದುವುದಕ್ಕೂ ಲೇಬರ್ ವಾರ್ಡಿನಲ್ಲಿ ರಾತ್ರಿಗಟ್ಟಲೆ ನಿಂತು ಕೈ ಪಳಗಿಸಿಕೊಳ್ಳುವುದಕ್ಕೂ ಅಜಗಜಾಂತರ. ಪ್ರಕೃತಿ ಚಿಕಿತ್ಸೆಯ ಆಸ್ಪತ್ರೆಗಳಿಗೆ ಬರುವವರು ಹೆಚ್ಚಾಗಿ ತೂಕ, ಸಕ್ಕರೆ, ಬಿಪಿ, ಮಂಡಿನೋವು, ಪಿಸಿಒಡಿಯವರು. ಹೆರಿಗೆ ನೋವು ಬಂದವರು ಅಲ್ಲಿಗೆ ಬರುವುದಿಲ್ಲ.

ಇನ್ನೊಂದು ವಿಷಯ ನೇರವಾಗಿ ಹೇಳಬೇಕು. ಪ್ರಕೃತಿ ಚಿಕಿತ್ಸೆ ಔಷಧಿ ಇಲ್ಲದ ಪದ್ಧತಿ. ಅದೇ ಅದರ ಹೆಮ್ಮೆ. ಆದರೆ ಮಗು ಹುಟ್ಟಿದ ಮೇಲೆ ಗರ್ಭಕೋಶ ಗಟ್ಟಿಯಾಗದೆ ರಕ್ತ ಹರಿಯತೊಡಗಿದರೆ ಆಗ ಬೇಕಾಗುವುದು ಗರ್ಭಕೋಶವನ್ನು ಗಟ್ಟಿ ಮಾಡುವ ಆಕ್ಸಿಟೋಸಿನ್ ಇಂಜೆಕ್ಷನ್. ಚಿಕಿತ್ಸೆ ಸಿಗದಿದ್ದರೆ, ಆರೋಗ್ಯವಾಗಿದ್ದ ಹೆಂಗಸೂ ಎರಡೇ ಗಂಟೆಯಲ್ಲಿ ಪ್ರಾಣ ಬಿಡಬಹುದು. ಯಾರಿಗೆ ಹೀಗಾಗುತ್ತದೆ ಅಂತ ಮೊದಲೇ ಹೇಳಲು ಬರುವುದಿಲ್ಲ, ಅದಕ್ಕೇ ಈಗ ಹೆರಿಗೆಯಾದ ಪ್ರತಿ ತಾಯಿಗೂ ಮುನ್ನೆಚ್ಚರಿಕೆಯಾಗಿ 10 ಯೂನಿಟ್ ಕೊಡುತ್ತಾರೆ. ಆ ಇಂಜೆಕ್ಷನ್ ಕೊಡುವ ಅಧಿಕಾರ ಬಿಎನ್‌ವೈಎಸ್ ಡಿಗ್ರಿಯಿಂದ ಬರುವುದಿಲ್ಲ. ತಾನು ಓದದ ಪದ್ಧತಿಯ ಔಷಧಿ ಕೊಟ್ಟರೆ ಅದೇ ನಿರ್ಲಕ್ಷ್ಯ ಅಂತ ಸುಪ್ರೀಂ ಕೋರ್ಟ್ 1996ರಲ್ಲಿ ಪೂನಂ ವರ್ಮಾ ಪ್ರಕರಣದಲ್ಲಿ ಹೇಳಿದೆ. ಅದು ಹೋಮಿಯೋಪತಿ ವೈದ್ಯರೊಬ್ಬರು ಅಲೋಪತಿ ಔಷಧಿ ಕೊಟ್ಟ ಪ್ರಕರಣ, ಆದರೆ ಮಾತು ಎಲ್ಲಾ ಪದ್ಧತಿಯವರಿಗೂ ಅನ್ವಯಿಸುತ್ತದೆ. ಹಾಗಾಗಿ ಬಿಎನ್‌ವೈಎಸ್ ಮಾಡಿ ಸ್ವತಂತ್ರವಾಗಿ ಹೆರಿಗೆ ಮಾಡಿಸುತ್ತೇನೆ ಅನ್ನುವ ಯೋಜನೆಯನ್ನು ಇಲ್ಲಿಗೇ ಬಿಡಿ.

ಹಾಗಾದರೆ ಈ ಡಿಗ್ರಿ ಬೇಡವೇ? ಬೇಕು, ಖಂಡಿತ ಬೇಕು. ಬಸಿರಿನಲ್ಲಿ ಸಕ್ಕರೆ ಬಂದಾಗ ಮೊದಲ ಚಿಕಿತ್ಸೆಯೇ ಊಟದ ಹದ ಮತ್ತು ನಡಿಗೆ. ಆದರೆ ಗಿಜಿಗುಟ್ಟುವ ಓಪಿಡಿಯಲ್ಲಿ ಪ್ರಸೂತಿ ತಜ್ಞರಿಗೆ ಒಬ್ಬೊಬ್ಬರ ಅಡುಗೆಮನೆಯ ಬಗ್ಗೆ ಕೂತು ಮಾತಾಡಲು ಪುರುಸೊತ್ತು ಎಲ್ಲಿರುತ್ತದೆ? ಬೆಳಿಗ್ಗೆ ಎಷ್ಟು ಇಡ್ಲಿ ತಿನ್ನುತ್ತೀರಿ, ಮುದ್ದೆಯ ಜೊತೆ ಸಾರಿನಲ್ಲಿ ಬೇಳೆ ಎಷ್ಟು, ಸಂಜೆ ಕಾಫಿಗೆ ಸಕ್ಕರೆ ಎಷ್ಟು, ಅತ್ತೆ "ಇಬ್ಬರ ಪಾಲು ತಿನ್ನು" ಅಂತ ಬಡಿಸುತ್ತಾರಾ ಅಂತೆಲ್ಲ ಒಂದು ಗಂಟೆ ಕೂತು ಕೇಳಿ ದಾರಿ ಹೇಳುವವರು ಬೇಕು. ಸೊಂಟನೋವು, ಮಲಬದ್ಧತೆ, ನಿದ್ದೆ ಬಾರದಿರುವುದು, ಮೊದಲ ಹೆರಿಗೆಯ ಭಯ, ಎಲ್ಲಕ್ಕೂ ಇಲ್ಲಿ ಕೆಲಸವಿದೆ. ಗರ್ಭಿಣಿಯರ ಯೋಗದ ಬಗ್ಗೆ ನಡೆದ ಅಧ್ಯಯನಗಳು ಹೆಚ್ಚಿನವು ಚಿಕ್ಕವು, ಆದರೂ ಆತಂಕ ಕಡಿಮೆ ಮಾಡುವುದರಲ್ಲಿ ಅದು ಸಹಾಯ ಮಾಡುತ್ತದೆ ಅನ್ನುವ ಕಡೆಗೇ ವಾಲುತ್ತವೆ. ಹೆರಿಗೆಯಾದ ಮೇಲಂತೂ ಬಾಣಂತನದ ಊಟ, ಹಾಲುಣಿಸುವುದು, ಸಡಿಲವಾದ ಹೊಟ್ಟೆ ಮತ್ತು ಸೊಂಟದ ಸ್ನಾಯುಗಳು, ಅಳು, ಬೇಸರ, ಇವನ್ನು ನೋಡುವವರೇ ಇಲ್ಲ.

ಬಸಿರಿನಲ್ಲಿ ಏನು ಮಾಡಬಾರದು ಅನ್ನುವುದೂ ಈ ಡಾಕ್ಟರಿಗೆ ಕರಾರುವಾಕ್ಕಾಗಿ ಗೊತ್ತಿರಬೇಕು. ದೀರ್ಘ ಉಪವಾಸ ಬೇಡ. ಮೈ ಕಾಯುವಂತೆ ಬಿಸಿನೀರಿನ ತೊಟ್ಟಿ ಮತ್ತು ಸ್ಟೀಮ್ ಬೇಡ. ಹೊಟ್ಟೆಯ ಮೇಲೆ ಒತ್ತಿ ಮಸಾಜ್ ಬೇಡ. ಡಾಕ್ಟರ್ ಬರೆದ ಕಬ್ಬಿಣದ ಮಾತ್ರೆ ನಿಲ್ಲಿಸಿ ಬೀಟ್‌ರೂಟ್ ಜ್ಯೂಸ್ ಕುಡಿಯಿರಿ ಅನ್ನುವುದಂತೂ ಬೇಡವೇ ಬೇಡ. 2019-21ರ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ ಶೇ 52.2 ಮಂದಿಗೆ ರಕ್ತಹೀನತೆ ಇತ್ತು. ರಕ್ತ ಕಡಿಮೆ ಇರುವವಳಿಗೆ ಹೆರಿಗೆಯಲ್ಲಿ ಸ್ವಲ್ಪ ಜಾಸ್ತಿ ರಕ್ತ ಹೋದರೂ ಮೈ ತಡೆದುಕೊಳ್ಳುವುದಿಲ್ಲ.

ನೋಂದಣಿಯ ಬಗ್ಗೆ ಎರಡು ಮಾತು. 2020ರ ಭಾರತೀಯ ವೈದ್ಯ ಪದ್ಧತಿ ಆಯೋಗದ ಕಾಯ್ದೆಯಲ್ಲಿ ಆಯುರ್ವೇದ, ಯುನಾನಿ, ಸಿದ್ಧ, ಸೋವಾ ರಿಗ್ಪಾ ಇವೆ. ಪ್ರಕೃತಿ ಚಿಕಿತ್ಸೆ ಇಲ್ಲ. ನಮ್ಮ ರಾಜ್ಯದಲ್ಲಿ 1961ರ ಕಾಯ್ದೆಯ ಕೆಳಗೆ ರಾಜ್ಯದ ಮಂಡಳಿಯಲ್ಲಿ ನೋಂದಣಿ ಆಗುತ್ತದೆ. ಬೇರೆ ರಾಜ್ಯಕ್ಕೆ ಹೋಗುವ ಯೋಚನೆ ಇದ್ದರೆ ಅಲ್ಲಿನ ನಿಯಮ ಮೊದಲೇ ತಿಳಿದುಕೊಳ್ಳಿ, ಎಲ್ಲಾ ಕಡೆ ಒಂದೇ ಥರ ಇಲ್ಲ. ಅಂಚೆ ಮೂಲಕ, ಆರು ತಿಂಗಳಲ್ಲಿ "ಎನ್‌ಡಿ" (ನ್ಯಾಚುರೋಪತಿ ಡಾಕ್ಟರ್) ಸರ್ಟಿಫಿಕೇಟ್ ಕೊಡುತ್ತೇವೆ ಅನ್ನುವ ಜಾಹೀರಾತುಗಳಿಗೆ ದುಡ್ಡು ಕಟ್ಟಬೇಡಿ.

ಬಿಎಎಂಎಸ್: ಔಷಧಿಯೂ ಇದೆ, ಪಿಜಿಯೂ ಇದೆ

ನೀಟ್ ಬರೆಯಬೇಕು. ಇದು ಆಯುರ್ವೇದ ಡಾಕ್ಟರ್ ಆಗುವ ಡಿಗ್ರಿ, ಇದೂ ಐದೂವರೆ ವರ್ಷ. ಪ್ರಸೂತಿ ತಂತ್ರ ಮತ್ತು ಸ್ತ್ರೀರೋಗ ಇಲ್ಲಿ ಒಂದು ಮುಖ್ಯ ವಿಷಯ, ಮುಂದೆ ಅದರಲ್ಲೇ ಮೂರು ವರ್ಷದ ಎಂಎಸ್ ಮಾಡಬಹುದು. ಉಡುಪಿಯ ಎಸ್‌ಡಿಎಂ ಆಯುರ್ವೇದ ಕಾಲೇಜಿನಂಥ ಕಡೆ ಈ ಪಿಜಿ ಇದೆ. ತಿಂಗಳು ತಿಂಗಳಿಗೆ ಗರ್ಭಿಣಿಯ ಆಹಾರ ಹೇಗಿರಬೇಕು, ಬಾಣಂತಿಯ ಆರೈಕೆ ಹೇಗೆ ಅನ್ನುವುದನ್ನು ಆಯುರ್ವೇದದಷ್ಟು ವಿವರವಾಗಿ ಹೇಳಿದ ಪದ್ಧತಿ ಕಡಿಮೆ, ಮತ್ತು ನಮ್ಮ ಮನೆಗಳ ಬಾಣಂತನಕ್ಕೆ ಅದು ಹತ್ತಿರವೂ ಇದೆ.

ಸಹಜ ಹೆರಿಗೆಯ ಆಸೆ ಇದ್ದು, ಭಾರತೀಯ ಪದ್ಧತಿಯಲ್ಲೇ ಇರಬೇಕು ಅನ್ನುವವರಿಗೆ ಬಿಎನ್‌ವೈಎಸ್‌ಗಿಂತ ಈ ದಾರಿ ಗಟ್ಟಿ ಅನ್ನುವುದು ನನ್ನ ಅಭಿಪ್ರಾಯ. ಕೇಂದ್ರದ ಆಯೋಗ ಇದೆ, ವಿಷಯದಲ್ಲೇ ಪಿಜಿ ಇದೆ, ಕೆಲವು ಕಾಲೇಜು ಆಸ್ಪತ್ರೆಗಳಲ್ಲಿ ಹೆರಿಗೆ ವಿಭಾಗವೂ ನಡೆಯುತ್ತದೆ. ಆದರೆ ಕಾಲೇಜಿನಿಂದ ಕಾಲೇಜಿಗೆ ಅನುಭವ ತುಂಬಾ ಬೇರೆ. ಹೆರಿಗೆಗಳೇ ಆಗದ ಕಡೆ ಪ್ರಸೂತಿಯ ಪಿಜಿ ಮಾಡಿದರೆ ಕೈಗೆ ಬರುವುದು ಸರ್ಟಿಫಿಕೇಟ್ ಮಾತ್ರ. ತುರ್ತು ಬಂದಾಗ ಇಲ್ಲೂ ಅಲೋಪತಿ ತಜ್ಞರ ಬೆನ್ನೆಲುಬು ಬೇಕೇ ಬೇಕು.

ನರ್ಸಿಂಗ್ ಮಾಡಿ ಮಿಡ್‌ವೈಫ್: ಯಾರೂ ಹೇಳದ ದಾರಿ

ಮಗುವನ್ನು ಕೈಯಲ್ಲಿ ಹಿಡಿಯಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಮಿಡ್‌ವೈಫ್ ಅಂದರೆ ಹೆರಿಗೆ ಮಾಡಿಸಲು ತರಬೇತಿ ಪಡೆದವರು. ಹೇಳಿದ ಕೂಡಲೇ ಅಪ್ಪ ಅಮ್ಮನ ಮುಖ ಬಾಡುತ್ತದೆ. "ಡಾಕ್ಟರ್ ಆಗ್ತೀನಿ ಅಂದವಳಿಗೆ ನರ್ಸ್ ಆಗು ಅಂತೀರಲ್ಲ?" ಅವರ ಸಂಕಟ ಅರ್ಥವಾಗುತ್ತದೆ. ಹೆಸರಿನ ಮುಂದೆ ಡಾ. ಬರುವುದಿಲ್ಲ, ಸಂಬಳ ಮತ್ತು ಗೌರವದ ವಿಷಯದಲ್ಲಿ ನಮ್ಮ ಸಮಾಜ ನರ್ಸ್‌ಗಳಿಗೆ ನ್ಯಾಯ ಮಾಡಿಲ್ಲ. ಆದರೆ ಸುಮ್ನೆ ಒಂದು ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡ್ ನೋಡಿ ಬನ್ನಿ. ಅಲ್ಲಿ ಹೆಚ್ಚಿನ ನಾರ್ಮಲ್ ಹೆರಿಗೆ ಮಾಡಿಸುವವರು ಸಿಸ್ಟರ್‌ಗಳೇ.

ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ, ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮೂರು ವರ್ಷ. ಎರಡರಲ್ಲೂ ವಿದ್ಯಾರ್ಥಿಗಳು ನಿಗದಿಯಾದಷ್ಟು ಹೆರಿಗೆಗಳನ್ನು ಸ್ವತಃ ಮಾಡಿಸಿ ದಾಖಲೆ ಪುಸ್ತಕದಲ್ಲಿ ಬರೆಸಲೇಬೇಕು. ಅದಾದ ಮೇಲೆ ಹೆರಿಗೆ ವಿಭಾಗದಲ್ಲಿ ಕೆಲಸ ಮಾಡಿದ ಅನುಭವ ಇದ್ದವರಿಗೆ 18 ತಿಂಗಳ ನರ್ಸ್ ಪ್ರಾಕ್ಟೀಷನರ್ ಇನ್ ಮಿಡ್‌ವೈಫರಿ ಕೋರ್ಸ್ ಇದೆ. ಕೇಂದ್ರ ಸರ್ಕಾರ 2018ರ ಕೊನೆಯಲ್ಲಿ ಮಿಡ್‌ವೈಫರಿ ಸೇವೆಯ ಮಾರ್ಗಸೂಚಿ ತಂದಿತು. ತೊಂದರೆ ಇಲ್ಲದ ಬಸಿರುಗಳನ್ನು ಮಿಡ್‌ವೈಫ್‌ಗಳೇ ಮೊದಲಿಂದ ಕೊನೆವರೆಗೆ ನೋಡಬೇಕು, ಕೈಮೀರಿದಾಗ ತಜ್ಞರಿಗೆ ಕೊಡಬೇಕು ಅನ್ನುವುದೇ ಅದರ ತಿರುಳು. ನಮ್ಮ ಪಕ್ಕದ ತೆಲಂಗಾಣ ಅದಕ್ಕೂ ಮುಂಚೆಯೇ, ಹೈದರಾಬಾದಿನ ಫರ್ನಾಂಡಿಸ್ ಆಸ್ಪತ್ರೆಯ ಜೊತೆ ಸೇರಿ ಸರ್ಕಾರಿ ನರ್ಸ್‌ಗಳಿಗೆ ಈ ತರಬೇತಿ ಶುರು ಮಾಡಿತ್ತು. 2023ರಲ್ಲಿ ಬಂದ ಕಾಯ್ದೆಯ ಹೆಸರಲ್ಲೇ ನರ್ಸಿಂಗ್ ಮತ್ತು ಮಿಡ್‌ವೈಫರಿ ಎರಡೂ ಇವೆ.

ಕಷ್ಟವನ್ನೂ ಹೇಳುತ್ತೇನೆ. ಈ ಕೋರ್ಸಿನ ಸೀಟುಗಳು ಇನ್ನೂ ಕಡಿಮೆ, ಹೆಚ್ಚಾಗಿ ಸರ್ಕಾರಿ ಕೆಲಸದಲ್ಲಿರುವ ನರ್ಸ್‌ಗಳ ಕಡೆಗೇ ನೋಡುತ್ತದೆ. ಓದಿ ಬಂದ ಮೇಲೆ ಖಾಸಗಿ ಆಸ್ಪತ್ರೆಯಲ್ಲಿ ಮಿಡ್‌ವೈಫ್ ಅನ್ನುವ ಹುದ್ದೆಯೇ ಇಲ್ಲದಿರಬಹುದು, ಮತ್ತೆ ಸ್ಟಾಫ್ ನರ್ಸ್ ಅಂತಲೇ ಡ್ಯೂಟಿ ಹಾಕಬಹುದು. ಆದರೂ ಹೆರಿಗೆಯೇ ನಿಮ್ಮ ಜೀವ ಅನ್ನುವುದಾದರೆ, ದಿನಾ ಹೆರಿಗೆ ನೋಡುವ, ಕಾನೂನಿನ ರಕ್ಷಣೆ ಇರುವ, ದೇಶ ಬಿಟ್ಟು ಹೋದರೂ ಬೆಲೆ ಇರುವ ದಾರಿ ಇದು.

ಇಲ್ಲಿ ಯಾರಾದರೂ ಸೂಲಗಿತ್ತಿ ನರಸಮ್ಮನವರ ಹೆಸರು ಹೇಳಿಯೇ ಹೇಳುತ್ತಾರೆ. ಪಾವಗಡ ತಾಲ್ಲೂಕಿನ ಕೃಷ್ಣಾಪುರದವರು, ಅಜ್ಜಿಯಿಂದ ಕಲಿತವರು, ಡಿಗ್ರಿ ಇಲ್ಲದೆ ಸಾವಿರಾರು ಹೆರಿಗೆ ಮಾಡಿಸಿದರು, 2018ರಲ್ಲಿ ಪದ್ಮಶ್ರೀ ಬಂತು. ಆ ತಾಯಿಗೆ ಕೈ ಮುಗಿಯುತ್ತೇನೆ. ಆಸ್ಪತ್ರೆಯೇ ಇಲ್ಲದ ಊರುಗಳಲ್ಲಿ, ದುಡ್ಡು ಕೇಳದೆ ಮಾಡಿದ ಕೆಲಸ ಅದು. ಇವತ್ತು ಕರ್ನಾಟಕದಲ್ಲಿ ಶೇ 97ರಷ್ಟು ಹೆರಿಗೆ ಆಸ್ಪತ್ರೆಯಲ್ಲಿ ಆಗುತ್ತಿವೆ. ಅವರ ತಾಳ್ಮೆ, ಅವರ ಕೈಯ ಸೂಕ್ಷ್ಮ ಬೇಕಾಗಿರುವುದು ಈಗ ಆ ವಾರ್ಡುಗಳ ಒಳಗೆ.

ಎಂಬಿಬಿಎಸ್ ಮತ್ತು ಓಬಿಜಿ (ಪ್ರಸೂತಿ ಮತ್ತು ಸ್ತ್ರೀರೋಗ)

ಇದರ ಬಗ್ಗೆ ಎಲ್ಲರಿಗೂ ಗೊತ್ತು. ನೀಟ್, ಐದೂವರೆ ವರ್ಷ, ಮತ್ತೆ ನೀಟ್ ಪಿಜಿ, ಮೂರು ವರ್ಷ. ಒಟ್ಟು ಎಂಟೂವರೆ, ನಡುವೆ ತಯಾರಿಗೆ ಹೋಗುವ ಸಮಯ ಬೇರೆ. ಎಲ್ಲಾ ಅಧಿಕಾರ ಕೈಯಲ್ಲಿರುತ್ತದೆ, ಆಪರೇಷನ್ ಕೂಡ. ನಿಮಗೆ ರ‍್ಯಾಂಕ್ ಬರುವ ಹಾಗಿದ್ದರೆ, ಮನೆಯ ಪರಿಸ್ಥಿತಿ ತಡೆಯುವ ಹಾಗಿದ್ದರೆ, ಇದನ್ನು ಬಿಡಬೇಡಿ. ಒಂದು ಆಸ್ಪತ್ರೆಯ ರೂಢಿಯನ್ನೇ ಬದಲಿಸುವ ಶಕ್ತಿ ಇರುವುದು ಈ ಕುರ್ಚಿಗೆ. ಗಂಡನನ್ನೋ ಅಮ್ಮನನ್ನೋ ಒಳಗೆ ಬಿಡಿ, ಆಕೆ ಎದ್ದು ಓಡಾಡಲಿ, ಕಾಯೋಣ ಅಂತ ಒಬ್ಬ ಮುಖ್ಯ ಪ್ರಸೂತಿ ತಜ್ಞೆ ಹೇಳಿದರೆ ಮರುದಿನದಿಂದಲೇ ಹಾಗೆ ಆಗುತ್ತದೆ. ತರಬೇತಿಯ ವರ್ಷಗಳು ಮಾತ್ರ ಕಠಿಣ, ಮತ್ತು ಅಲ್ಲಿ ಕಣ್ಣಿಗೆ ಬೀಳುವುದು ಹೆಚ್ಚಾಗಿ ತೊಂದರೆಯ ಹೆರಿಗೆಗಳು. ಸಹಜವಾಗಿ ಆಗುವುದನ್ನು ಕೈಕಟ್ಟಿ ನೋಡುವ ತಾಳ್ಮೆಯನ್ನು ನೀವೇ ಉಳಿಸಿಕೊಳ್ಳಬೇಕು.

ಡೂಲಾ, ಹೆರಿಗೆ ತರಗತಿ

ಡೂಲಾ ಅಂದರೆ ಹೆರಿಗೆ ನೋವಿನ ಸಮಯದಲ್ಲಿ ಜೊತೆಗಿದ್ದು ಧೈರ್ಯ ಹೇಳುವವರು. ಕಡಿಮೆ ಸಮಯದ ತರಬೇತಿ, ಸರ್ಕಾರದ ನೋಂದಣಿ ಇಲ್ಲ, ಚಿಕಿತ್ಸೆ ಕೊಡುವ ಹಾಗಿಲ್ಲ. ಆದರೆ ನೋವಿನ ಉದ್ದಕ್ಕೂ ಒಬ್ಬರು ಬಿಡದೆ ಜೊತೆಗಿದ್ದರೆ ಸಹಜ ಹೆರಿಗೆ ಆಗುವ ಸಾಧ್ಯತೆ ಹೆಚ್ಚು ಅಂತ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಗೊತ್ತಾಗಿದೆ. ಬಿಎನ್‌ವೈಎಸ್ ಮಾಡಿದವರು ಇದನ್ನೂ ಕಲಿತರೆ ಎರಡೂ ಚೆನ್ನಾಗಿ ಕೂಡುತ್ತವೆ. ಹಗಲು ಕ್ಲಿನಿಕ್, ನೋವು ಬಂದ ದಿನ ಆಸ್ಪತ್ರೆಯಲ್ಲಿ ಜೊತೆಗಾರ್ತಿ.

ಅಮೆರಿಕದಲ್ಲಿರುವವರಿಗೆ

ನ್ಯಾಚುರೋಪತಿ ಡಾಕ್ಟರ್ ಹೆರಿಗೆ ಮಾಡಿಸಬಹುದು ಅನ್ನುವ ಮಾತು ನಮ್ಮ ಹುಡುಗಿಯರ ಕಿವಿಗೆ ಬಿದ್ದಿರುವುದು ಹೆಚ್ಚಾಗಿ ಅಲ್ಲಿಂದ. ಅದು ಸುಳ್ಳಲ್ಲ. ಆರೆಗಾನ್ ರಾಜ್ಯದಲ್ಲಿ ನ್ಯಾಚುರೋಪತಿ ವೈದ್ಯರು ಸಹಜ ಹೆರಿಗೆಗೆ ಅಂತ ವಿಶೇಷ ಅರ್ಹತಾ ಪತ್ರ ಪಡೆದರೆ ಹೆರಿಗೆ ಮಾಡಿಸಬಹುದು, ಅದಕ್ಕೆ ಬೇರೆ ತರಬೇತಿ ಮತ್ತು ಪರೀಕ್ಷೆ ಇದೆ. ಪಕ್ಕದ ವಾಷಿಂಗ್ಟನ್ ರಾಜ್ಯದಲ್ಲಿ ಮಿಡ್‌ವೈಫ್ ಪರವಾನಗಿ ಬೇರೆಯೇ ಇದೆ, ಸಿಯಾಟಲ್ ಹತ್ತಿರದ ಬ್ಯಾಸ್ಟಿರ್ ವಿಶ್ವವಿದ್ಯಾಲಯದಲ್ಲಿ ನ್ಯಾಚುರೋಪತಿಯೂ ಮಿಡ್‌ವೈಫರಿಯೂ ಕಲಿಸುತ್ತಾರೆ. ಆದರೆ ಟೆನೆಸಿ, ಸೌತ್ ಕ್ಯಾರೊಲಿನಾದಂಥ ರಾಜ್ಯಗಳಲ್ಲಿ ನ್ಯಾಚುರೋಪತಿ ಪ್ರಾಕ್ಟೀಸನ್ನೇ ಕಾನೂನು ಒಪ್ಪುವುದಿಲ್ಲ. ಗಂಡನ ಕೆಲಸ ಒಂದು ರಾಜ್ಯದಿಂದ ಇನ್ನೊಂದಕ್ಕೆ ಬದಲಾದರೆ ನಿಮ್ಮ ಡಿಗ್ರಿಯ ಬೆಲೆಯೂ ಬದಲಾಗುತ್ತದೆ. ಇಲ್ಲಿನ ಬಿಎನ್‌ವೈಎಸ್ ಇಟ್ಟುಕೊಂಡು ನೇರವಾಗಿ ಅಲ್ಲಿ ಪರವಾನಗಿ ಸಿಗುವುದಿಲ್ಲ, ಅಲ್ಲಿ ಮಾನ್ಯತೆ ಪಡೆದ ಕಾಲೇಜಿನಲ್ಲೇ ಓದಬೇಕು. ಅದೇ ಸರ್ಟಿಫೈಡ್ ನರ್ಸ್ ಮಿಡ್‌ವೈಫ್ ಆದರೆ 50 ರಾಜ್ಯಗಳಲ್ಲೂ ಪರವಾನಗಿಗೆ ದಾರಿ ಇದೆ. ಬಿಎಸ್ಸಿ ನರ್ಸಿಂಗ್ ಮಾಡಿ ಹೋದವರು ಅಲ್ಲಿನ ನರ್ಸಿಂಗ್ ಪರೀಕ್ಷೆ ಪಾಸಾಗಿ, ಮಾಸ್ಟರ್ಸ್ ಮಾಡಿ ಆ ಕಡೆ ಹೋಗಬಹುದು. ಬ್ರಿಟನ್ನಿನಲ್ಲಂತೂ ಮಿಡ್‌ವೈಫ್ ಅಥವಾ ವೈದ್ಯರಲ್ಲದವರು ಹೆರಿಗೆ ಮಾಡಿಸುವುದು ಅಪರಾಧ, ತುರ್ತು ಸಂದರ್ಭ ಬಿಟ್ಟು.

ಈಗಾಗಲೇ ಬಿಎನ್‌ವೈಎಸ್ ಓದುತ್ತಿದ್ದೀರಾ?

ಗಾಬರಿ ಬೇಡ, ಬಿಟ್ಟು ಬರುವುದೂ ಬೇಡ. ಇಂಟರ್ನ್‌ಶಿಪ್‌ನಲ್ಲಿ ಜಿಲ್ಲಾಸ್ಪತ್ರೆಯ ಹೆರಿಗೆ ವಿಭಾಗಕ್ಕೆ ಹಾಕಿಸಿಕೊಳ್ಳಲು ಪ್ರಿನ್ಸಿಪಾಲರ ಹತ್ತಿರ ಬರವಣಿಗೆಯಲ್ಲಿ ಕೇಳಿ. ಹೆರಿಗೆ ಮಾಡಿಸಲು ಬಿಡದಿದ್ದರೂ ಪರವಾಗಿಲ್ಲ, ನೋಡುವುದೇ ದೊಡ್ಡ ಪಾಠ. ತಾಯಿ ಕಾರ್ಡ್ ಓದಲು ಕಲಿಯಿರಿ. ಬಿಪಿ 140/90 ದಾಟಿದರೆ, ತಲೆನೋವು ಮತ್ತು ಕಣ್ಣು ಮಂಜಾದರೆ, ಮಗುವಿನ ಅಲುಗಾಟ ಕಡಿಮೆಯಾದರೆ, ರಕ್ತ ಕಂಡರೆ, ಒಂದು ನಿಮಿಷವೂ ಕಾಯದೆ ಕಳಿಸುವುದನ್ನು ಅಭ್ಯಾಸ ಮಾಡಿಕೊಳ್ಳಿ. ನಿಮ್ಮ ಊರಿನಲ್ಲಿ ಸಹಜ ಹೆರಿಗೆಗೆ ಕಾಯುವ ಮನಸ್ಸಿರುವ ಒಬ್ಬ ಪ್ರಸೂತಿ ತಜ್ಞೆಯನ್ನು ಹುಡುಕಿ, ಅವರ ಆಸ್ಪತ್ರೆಯಲ್ಲೇ ಗರ್ಭಿಣಿಯರ ತರಗತಿ ಶುರು ಮಾಡಿ. ಸ್ವಂತ ಕ್ಲಿನಿಕ್ ಹಾಕಿದರೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಕೆಳಗೆ ನೋಂದಣಿ ಮಾಡಿಸಿ, ಪ್ರಕೃತಿ ಚಿಕಿತ್ಸೆಗೂ ಅದು ಅನ್ವಯಿಸುತ್ತದೆ. ಬೋರ್ಡಿನ ಮೇಲೆ "ಹೆರಿಗೆ ಆಸ್ಪತ್ರೆ" ಅಂತ ಬರೆಸಬೇಡಿ.

ಇನ್ನೂ ಸೇರದವರು ಕಾಲೇಜು ನೋಡಲು ಹೋದಾಗ ಕಟ್ಟಡ, ಹಾಸ್ಟೆಲ್ ನೋಡಿ ವಾಪಸ್ ಬರಬೇಡಿ. ನಿಮ್ಮಲ್ಲಿ ತಿಂಗಳಿಗೆ ಎಷ್ಟು ಗರ್ಭಿಣಿಯರು ಬರುತ್ತಾರೆ, ಹೆರಿಗೆಗಳು ಎಲ್ಲಿ ಆಗುತ್ತವೆ, ವಿದ್ಯಾರ್ಥಿಗಳು ಎಷ್ಟು ದಿನ ಅಲ್ಲಿರುತ್ತಾರೆ, ರಾತ್ರಿ ಡ್ಯೂಟಿ ಇದೆಯಾ, ಪ್ರಸೂತಿ ಪಾಠ ಮಾಡುವವರು ಈಗಲೂ ಹೆರಿಗೆ ಮಾಡಿಸುತ್ತಾರಾ ಅಂತ ಕೇಳಿ. ಕೊನೆಯ ವರ್ಷದ ಇಬ್ಬರು ವಿದ್ಯಾರ್ಥಿಗಳನ್ನು ಹೊರಗೆ ಕ್ಯಾಂಟೀನಿನಲ್ಲಿ ಹಿಡಿದು ಇದೇ ಪ್ರಶ್ನೆಗಳನ್ನು ಮತ್ತೆ ಕೇಳಿ. ಆಫೀಸಿನವರು ಹೇಳಿದ್ದಕ್ಕೂ ಅವರು ಹೇಳಿದ್ದಕ್ಕೂ ತಾಳೆ ಆಗದಿದ್ದರೆ ಇನ್ನೊಂದು ಕಾಲೇಜು ನೋಡಿ.